ಹರ್ಷಾಂಕ ಮೂವತ್ತೆಂಟರ ಮೇಷ್ಟರಿಂದ ನಗುಮಿತ್ರ ಯಂತ್ರಕ್ಕೆ

ಮಾನ್ಯ ನಗುಮಿತ್ರ ಯಂತ್ರದವರ ಸನ್ನಿಧಾನಕ್ಕೆ,

ಹನೂರು ತಾಲ್ಲೂಕು ಕಲ್ಲಕಟ್ಟೆದೊಡ್ಡಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಸಹ ಶಿಕ್ಷಕ ಶಾಂತಮೂರ್ತಿಯು, ನೀರಿನ ಟ್ಯಾಂಕಿನ ಏಣಿಯ ಆರನೇ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಏಣಿಯನ್ನು ಹಿಡಿದುಕೊಂಡು, ಉಳಿದ ಒಂದೇ ಕೈಯಿಂದ ಮಾಡುವ ಅರ್ಧ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ತಮ್ಮ ಬ್ಯಾಟರಿ, ತಮ್ಮ ಗಾಜು, ತಮ್ಮೊಳಗೆ ಕುಳಿತು ದಿನವೂ ನನಗೆ ಬುದ್ಧಿ ಹೇಳುವ ಆ ಇಂಪಾದ ದನಿಯ ತಾಯಿ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಕಳೆದ ಭಾನುವಾರ ಯಳಂದೂರಿನ ಕಲ್ಯಾಣ ಮಂಟಪವೊಂದರಲ್ಲಿ ನಡೆದ ‘ಸಕಾರಾತ್ಮಕ ಶಿಕ್ಷಕರ ಶಿಬಿರ’ಕ್ಕೆ ನಾನೇಕೆ ಬರಲಿಲ್ಲವೆಂದು ಕೇಳಿ ತಾವು ಸೋಮವಾರ ಬೆಳಿಗ್ಗೆ ನೋಟಿಸ್ ದಯಪಾಲಿಸಿದ್ದೀರಿ. ಉತ್ತರ ಬರೆಯಲು ತಮ್ಮ ಪರದೆಯ ಮೇಲೆ ಇನ್ನೂರು ಅಕ್ಷರಗಳಷ್ಟು ಜಾಗವನ್ನೂ ಬಿಟ್ಟುಕೊಟ್ಟಿದ್ದೀರಿ. ತಮ್ಮ ಔದಾರ್ಯ ದೊಡ್ಡದು, ಆದರೆ ನಮ್ಮ ಶಾಲೆಯ ವಿಳಾಸ, ಗ್ರಾಮ, ಅಂಚೆ, ಹೋಬಳಿಗಳನ್ನು ತುಂಬುವಷ್ಟರಲ್ಲೇ ಅರ್ಧ ಮುಗಿದು, ನನ್ನ ಹೆಸರು ಹುದ್ದೆಗಳಿಗೆ ಉಳಿದರ್ಧ ಖರ್ಚಾಗಿ, ಕಾರಣವೆಂಬ ಜಾಗದಲ್ಲಿ ‘ಏಕೆಂದರೆ’ ಎಂಬುದಕ್ಕೆ ನಿಂತುಹೋಯಿತು. ಆದ್ದರಿಂದ ಏಕೆಂದರೆಯಿಂದ ಮುಂದಿನದನ್ನು ಈ ಕಾಗದದಲ್ಲಿ ಬರೆದು, ಶಾಲೆಯ ನೋಟಿಸ್ ಬೋರ್ಡಿಗೂ ಅಂಟಿಸಿ, ಬಹಿರಂಗವಾಗಿಯೇ ಒಪ್ಪಿಸುತ್ತಿದ್ದೇನೆ.

ತಾವು ನಮ್ಮಲ್ಲಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮೇಷ್ಟರು ನಗುನಗುತ್ತಾ ಇದ್ದರೆ ಮಕ್ಕಳು ತಾವಾಗಿಯೇ ಕಲಿತುಬಿಡುತ್ತಾರೆಂದು ಎಲ್ಲೋ ಒಂದು ಕಂಪನಿಯವರು ಕಂಡುಹಿಡಿದು, ಹಾಜರಾತಿಯ ಜೊತೆಗೆ ನಗುವನ್ನೂ ಅಳೆದು ನೂರಕ್ಕೆ ಇಷ್ಟೆಂದು ‘ಹರ್ಷಾಂಕ’ ಕೊಡುವ ತಮ್ಮನ್ನು ತಯಾರಿಸಿ, ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದರು. ಮೊದಲು ಮುಖ್ಯ ಶಿಕ್ಷಕಿ ಅನಸೂಯಮ್ಮನವರ ಮೇಜಿನ ಹಿಂದಿನ ಗೋಡೆಗೇ ತಮ್ಮನ್ನು ಪ್ರತಿಷ್ಠಾಪಿಸಿದೆವು. ಅಲ್ಲಿ ತಮಗೆ ನೆಟ್‌ವರ್ಕ್ ಸಿಗಲಿಲ್ಲ. ವರಾಂಡದಲ್ಲಿ ಸಿಗಲಿಲ್ಲ, ಧ್ವಜಕಟ್ಟೆಯಲ್ಲೂ ಸಿಗಲಿಲ್ಲ. ಕೊನೆಗೆ ಟ್ಯಾಂಕಿನ ಏಣಿಯ ಆರನೇ ಮೆಟ್ಟಿಲ ಎತ್ತರದಲ್ಲಿ ಮಾತ್ರ ತಾವು ಕಣ್ಣು ತೆರೆದಿದ್ದರಿಂದ ಅಲ್ಲೇ ಸೆಣಬಿನ ಹಗ್ಗದಲ್ಲಿ ಬಿಗಿದೆವು. ಅಂದಿನಿಂದ ನಾನು ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಸರಿಯಾಗಿ ಪಂಚೆಯಲ್ಲ, ಪ್ಯಾಂಟೇ ತೊಟ್ಟು ಏಣಿ ಹತ್ತಿ, ಪೂರ್ವಕ್ಕೆ ಮುಖ ಮಾಡಿ, ಕಣ್ಣಿಗೆ ರಾಚುವ ಬಿಸಿಲಲ್ಲಿ ಜಗತ್ತಿನ ಬಗ್ಗೆ ನನಗಿರುವ ಸಂತೋಷವನ್ನು ತಮಗೆ ತೋರಿಸುತ್ತಾ ಬಂದಿದ್ದೇನೆ. ಐವತ್ತೆರಡು ವರ್ಷದ ಮನುಷ್ಯ ಏಣಿಯ ಮೇಲೆ ನಿಂತು ಟ್ಯಾಂಕಿಗೆ ಮುಗುಳ್ನಗೆ ಬೀರುವುದನ್ನು ನೋಡಲು ಮೊದಲ ವಾರ ಊರಿನವರೆಲ್ಲ ಬರುತ್ತಿದ್ದರು. ಈಗ ಬರುವುದಿಲ್ಲ, ಅವರಿಗೂ ಕೆಲಸವಿದೆ.

ನನ್ನ ಮುಖದ ವಿಷಯವನ್ನು ಇಲ್ಲಿಯೇ ಅರಿಕೆ ಮಾಡಿಕೊಳ್ಳುವುದು ಒಳ್ಳೆಯದು. ನಾನು ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯಲ್ಲಿ ಹುಟ್ಟಿದವನು. ಹಾಸಿನ ಎಳೆ ತುಂಡಾದಾಗ ಗಂಟು ಹಾಕುವ ಕೆಲಸ ನಮ್ಮ ಮನೆಯ ಮಕ್ಕಳದು. ಒಂದು ತುದಿ ಬೆರಳಲ್ಲಿ, ಇನ್ನೊಂದು ತುದಿ ತುಟಿಗಳ ನಡುವೆ. ನಕ್ಕರೆ ಎಳೆ ಜಾರಿತು, ಎಳೆ ಜಾರಿದರೆ ಅಪ್ಪನ ಕೈ ಕೆನ್ನೆಗೆ ಬಂತು. ಹೀಗೆ ಹದಿನೆಂಟು ವರ್ಷ ಸಂತೋಷವಾದಾಗಲೆಲ್ಲ ತುಟಿ ಬಿಗಿದು ಬಿಗಿದು, ಈಗ ನನಗೆ ಖುಷಿಯಾಯಿತೆಂದರೆ ಬಾಯಿ ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ನಮ್ಮ ವಂಶದ ಮದುವೆ ಫೋಟೋಗಳನ್ನು ತಾವು ನೋಡಿದರೆ ಯಾರೋ ತೀರಿಕೊಂಡಿರಬೇಕೆಂದು ಭಾವಿಸುತ್ತೀರಿ. ನಾನು ಹಲ್ಲು ತೋರಿಸುವುದು ಸಿಟ್ಟು ಬಂದಾಗ ಮಾತ್ರ. ಇದು ನನ್ನ ಶಾಲೆಯ ಮೂವತ್ತೊಂದು ಮಕ್ಕಳಿಗೂ ಗೊತ್ತು, ಅಡುಗೆಯ ಚನ್ನಾಜಮ್ಮನಿಗೂ ಗೊತ್ತು, ಗೇಟಿನ ಬಳಿ ಮಲಗುವ ನಾಯಿಗೂ ಗೊತ್ತು. ತಮಗೊಬ್ಬರಿಗೆ ತಿಳಿಸಲು ಮಾತ್ರ ದಾರಿಯೇ ಸಿಗಲಿಲ್ಲ.

ಅನಸೂಯಮ್ಮನವರಿಗೆ ತಾವು ದಿನವೂ ತೊಂಬತ್ತೊಂದು ಕೊಡುತ್ತಿರುವುದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಅವರಿಗೆ ಹೊಸದಾಗಿ ಕಟ್ಟಿದ ಹಲ್ಲುಸೆಟ್ಟು ಬಾಯಿ ಮುಚ್ಚಲು ಬಿಡುತ್ತಿಲ್ಲ, ವಸಡೆಲ್ಲ ಹುಣ್ಣಾಗಿ ಅವರು ಮೂರು ತಿಂಗಳಿಂದ ಗಂಜಿ ಕುಡಿದು ಬದುಕಿದ್ದಾರೆ. ಆ ನೋವಿನಲ್ಲಿಯೂ ಅವರು ಜಿಲ್ಲೆಗೇ ಅತ್ಯಂತ ಸಂತೋಷದ ಶಿಕ್ಷಕಿಯೆಂದು ತಾವು ಪ್ರಮಾಣಪತ್ರ ಕೊಟ್ಟಾಗ ಅವರು ಅತ್ತುಬಿಟ್ಟರು. ಅಳುವಾಗಲೂ ತೊಂಬತ್ತೊಂದೇ ಬಂತು.

ಇರಲಿ. ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆ ಎಂಟನೇ ತರಗತಿಗೆ ಮುಗಿಯುತ್ತದೆ. ಆಮೇಲೆ ಓದಬೇಕಾದವರು ಕೌದಳ್ಳಿಗೆ ಹೋಗಬೇಕು. ಒಂಬತ್ತು ಕಿಲೋಮೀಟರ್ ಕಾಡುದಾರಿ, ಬಸ್ಸಿಲ್ಲ, ಆನೆಗಳಿವೆ. ಬಿದಿರಹಳ್ಳದ ಪೋಡಿನಿಂದ, ಎಂದರೆ ಕಾಡೊಳಗಿನ ಸೋಲಿಗರ ಕೇರಿಯಿಂದ ಬರುವ ಬೊಮ್ಮಿ ಎಂಬ ಹುಡುಗಿ ನನ್ನ ಎಂಟನೇ ತರಗತಿಯಲ್ಲಿದ್ದಾಳೆ. ಇಪ್ಪತ್ತನಾಲ್ಕು ವರ್ಷದ ನನ್ನ ನೌಕರಿಯಲ್ಲಿ ಅಂಥ ತಲೆಯನ್ನು ನಾನು ಕಂಡಿಲ್ಲ. ಒಂಬತ್ತನೇ ತರಗತಿಗೆ ವಸತಿ ಶಾಲೆ ಸೇರಲು ಕೊಳ್ಳೇಗಾಲದಲ್ಲಿ ಪ್ರವೇಶ ಪರೀಕ್ಷೆ ಇತ್ತು, ಅದೇ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಬರೆದರೆ ಓದು ಮುಂದುವರಿಯುವ ಆಸೆ ಇದೆ, ಬರೆಯದಿದ್ದರೆ ಏಪ್ರಿಲ್‌ಗೆ ಅವಳ ಓದು ಮುಗಿಯಿತು. ಅವಳ ಅಪ್ಪ ಪುಟ್ಟಮಾದ ಕಾಡಿನ ವಾಚರ್, ಬೇಸಿಗೆಯಲ್ಲಿ ಬೆಂಕಿ ಕಾಯುವ ಕೆಲಸ, ಒಂದು ದಿನದ ರಜೆಯೂ ಇಲ್ಲ. ತಾಯಿಗೆ ಕೈಕೂಸು. ಎರಡು ವರ್ಷದ ಹಿಂದೆ ಯಾರೋ ಹಿರಿಯ ಮಗಳನ್ನು ಹನೂರಿಗೆ ಆಟೋಟಕ್ಕೆ ಕರೆದುಕೊಂಡು ಹೋಗಿ, ಬರುವಾಗ ಕೌದಳ್ಳಿಯಲ್ಲಿ ಇಳಿಸಿ, ಇನ್ನು ಹೋಗಮ್ಮ ಎಂದು ಬಿಟ್ಟುಬಿಟ್ಟಿದ್ದರು. ಆ ಮಗು ಒಂಬತ್ತು ಕಿಲೋಮೀಟರ್ ಒಂಟಿಯಾಗಿ ನಡೆದು ಬಂದದ್ದನ್ನು ಪುಟ್ಟಮಾದ ಮರೆತಿಲ್ಲ. ಅದಕ್ಕೇ ನನಗೆ ಕಡ್ಡಿ ಮುರಿದಂತೆ ಹೇಳಿದ್ದ: “ನೀವೇ ಕರ್ಕಂಡೋಗಿ ನೀವೇ ತಂದ್ ಬುಡದಾದ್ರೆ ಕಳುಸ್ತೀನಿ ಸಾ. ಬ್ಯಾರೆಯೋರ್ ಜೊತೆಲಿ ನನ್ ಮಗ್ಳ ಕಳ್ಸಕಿಲ್ಲ.” ನಾನು ಆಯಿತು ಎಂದು ಮಾತು ಕೊಟ್ಟಿದ್ದೆ.

ಅದೇ ವಾರದ ಮೊದಲಲ್ಲಿ ತಮ್ಮ ಸುತ್ತೋಲೆ ಬಂತು. ಸೋಮವಾರದಿಂದ ಶುಕ್ರವಾರದವರೆಗಿನ ಹರ್ಷಾಂಕದ ಸರಾಸರಿ ಅರವತ್ತಕ್ಕಿಂತ ಕಡಿಮೆಯಾದವರು ಭಾನುವಾರ ಒಂಬತ್ತರಿಂದ ಐದರವರೆಗೆ ಯಳಂದೂರಿನ ಶಿಬಿರದಲ್ಲಿ ಕಡ್ಡಾಯವಾಗಿ ಸಂತೋಷ ಕಲಿಯತಕ್ಕದ್ದು, ತಪ್ಪಿದವರ ಸೇವಾ ಪುಸ್ತಕದಲ್ಲಿ ನಮೂದಿಸಿ ಬೇರೆ ಕಡೆಗೆ ನಿಯೋಜಿಸಲಾಗುವುದು. ಹೀಗೆ, ಒಂದು ಹುಡುಗಿ ಒಂಬತ್ತನೇ ತರಗತಿ ಓದಬೇಕೋ ಬೇಡವೋ ಎಂಬುದು ನನ್ನ ಎರಡು ತುಟಿಗಳ ನಡುವಿನ ಸಂದಿಯ ಮೇಲೆ ನಿಂತಿತು. ಇಷ್ಟು ದೊಡ್ಡ ಜವಾಬ್ದಾರಿಯನ್ನು ನನ್ನ ಬಾಯಿಗೆ ಹಿಂದೆಂದೂ ಯಾರೂ ವಹಿಸಿರಲಿಲ್ಲ.

ಸೋಮವಾರ. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸುಗಳಲ್ಲಿ ಸೋಮವಾರ ಕಾಲಿಡಲು ಜಾಗವಿರುವುದಿಲ್ಲ, ಆ ದೇವರ ಒಕ್ಕಲೆಲ್ಲ ಅಂದೇ ಹೊರಟಿರುತ್ತದೆ. ಭಾನುವಾರಕ್ಕೆಂದು ಹೋಗಿದ್ದ ಮನೆಯಿಂದ ಕೌದಳ್ಳಿಯವರೆಗೆ ಒಂಟಿಕಾಲಲ್ಲಿ ನಿಂತು, ಅಲ್ಲಿ ಬಿಟ್ಟಿದ್ದ ಸ್ಕೂಟರಿನಲ್ಲಿ ಶಾಲೆ ಸೇರಿ, ಏಣಿ ಹತ್ತಿ, ಬೊಮ್ಮಿಯನ್ನು ನೆನೆದು ಪ್ರಾಮಾಣಿಕವಾಗಿ ಮುಗುಳ್ನಕ್ಕೆ. ತಾವು ಮೂವತ್ತೆಂಟು ಕೊಟ್ಟು, ‘ಬದುಕು ಸುಂದರವಾಗಿದೆ, ಮತ್ತೊಮ್ಮೆ ಪ್ರಯತ್ನಿಸಿ’ ಎಂದಿರಿ. ಕೆಳಗಿಳಿದರೆ ಚನ್ನಾಜಮ್ಮ ಬೇಯಿಸಬೇಕಾದ ಮೊಟ್ಟೆಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ತಮ್ಮ ಪರದೆಯ ಮೇಲಿನ ಊಟದ ವೇಳಾಪಟ್ಟಿಯ ಪ್ರಕಾರ ಸೋಮವಾರ ಮೊಟ್ಟೆ, ನಮ್ಮ ಕಡೆ ಸೋಮವಾರ ಮಾದಪ್ಪನ ವಾರ, ಪುಟ್ಟ ಮಕ್ಕಳೂ ಮೊಟ್ಟೆಯ ನೆರಳು ತುಳಿಯುವುದಿಲ್ಲ. ಪ್ರತಿ ವಾರವೂ ಇದೇ ಪಾಡು. “ಇವತ್ತು ಬೇಯ್ಸುದ್ರೆ ಮಕ್ಳು ತಿನ್ನಕಿಲ್ಲ, ಬೇಯ್ಸದಿದ್ರೆ ನಿಮ್ ಕಂಪೂಟ್ರು ಸುಮ್ಕಿರಕಿಲ್ಲ. ನಾನೇನ್ ಮೊಟ್ಟೆ ಮ್ಯಾಲ್ ಕೂತ್ಕಳ್ಳಾ ಸಾ?” ಎಂದು ಅವರು ಕೇಳಿದ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿದ್ದರೆ ದಯಮಾಡಿ ಅವರಿಗೇ ನೇರವಾಗಿ ತಿಳಿಸುವುದು. ನಾವು ಎಂದಿನಂತೆ ಮಂಗಳವಾರಕ್ಕೆ ಮೊಟ್ಟೆಯನ್ನು ಮುಂದೂಡಿದೆವು.

ಮಂಗಳವಾರ ನಾನು ಮನಸ್ಸು ಗಟ್ಟಿ ಮಾಡಿಕೊಂಡು, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಹಾಗೆಯೇ ಮೇಲಿನ ಸಾಲು, ಕೆಳಗಿನ ಸಾಲು, ಕೊನೆಯ ದವಡೆಯವರೆಗೆ ಅಷ್ಟೂ ಹಲ್ಲುಗಳನ್ನು ತಮಗೆ ತೋರಿಸಿದೆ. ಪ್ರಾರ್ಥನೆಗೆ ಸಾಲು ನಿಂತಿದ್ದ ಮಕ್ಕಳು ಅದನ್ನು ಕೆಳಗಿನಿಂದ ನೋಡಿದರು. ಸಾಲು ಚೆಲ್ಲಾಪಿಲ್ಲಿಯಾಗಿ, ಆರನೇ ತರಗತಿ ಹುಣಸೆಮರದ ಹಿಂದೆ, ಏಳನೇ ತರಗತಿ ಶೌಚಾಲಯದ ಹಿಂದೆ ಸೇರಿಕೊಂಡಿತು. ಚೌಡೇಶ ಎಂಬ ಹುಡುಗ ಮಾತ್ರ ಓಡಲಾಗದೆ ನಿಂತಲ್ಲೇ ನಡುಗುತ್ತಾ, “ನಾನೇ ಸಾ, ಗ್ಲೋಬ್ ಒಡ್ದಾಕಿದ್ದು ನಾನೇ ಸಾ, ಅಂಗ್ ಮಾತ್ರ ನೋಡ್ಬೇಡಿ ಸಾ” ಎಂದು ಒಪ್ಪಿಕೊಂಡ. ಆ ಗ್ಲೋಬು ಒಡೆದು ವರ್ಷವಾಗಿತ್ತು, ಅದನ್ನು ನಾವೆಲ್ಲ ಇಲಿಯ ತಲೆಗೆ ಕಟ್ಟಿ ಮರೆತಿದ್ದೆವು. ತಾವು ಮೂವತ್ತೊಂದು ಕೊಟ್ಟಿರಿ. ಅಪರಾಧ ಪತ್ತೆ ಇಲಾಖೆಗೆ ತಮ್ಮನ್ನು ಶಿಫಾರಸು ಮಾಡಲು ನಾನು ಯಾವಾಗಲೂ ಸಿದ್ಧ.

ಬುಧವಾರ ತಾವು ನನಗೆ ತಮಿಳಿನಲ್ಲಿ ವಣಕ್ಕಂ ಹೇಳಿದಿರಿ. ಗಡಿಯಾಚೆಯ ಟವರೊಂದು ತಮ್ಮನ್ನು ಸೆಳೆದುಕೊಂಡಿತೆಂದು ಆಮೇಲೆ ತಿಳಿಯಿತು. ಗಡಿಯಲ್ಲಿರುವ ನಮಗೆ ಆ ಭಾಷೆಯ ಮೇಲೆ ಮುನಿಸಿಲ್ಲ, ಚನ್ನಾಜಮ್ಮನ ತವರೇ ಆ ಕಡೆ. ಅವರು ಏಣಿಯ ಕೆಳಗೆ ನಿಂತು, “ಇನ್ನೂ ವಸಿ ನಗ್ಬೇಕಂತೆ ಸಾ, ಸಾಲ್ದಂತೆ” ಎಂದು ಅನುವಾದ ಮಾಡಿದರು. ನಾನು ನಕ್ಕೆ. ನಾನು ಹೊರರಾಜ್ಯದಲ್ಲಿ ನಿಂತಿರುವುದಾಗಿ ತೀರ್ಮಾನಿಸಿ ತಾವು ಆ ದಿನಕ್ಕೆ ಸೊನ್ನೆ ಹಾಕಿದಿರಿ. ಆರು, ಏಳು, ಎಂಟು ಮೂರೂ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಬ್ಬರಿಗೆ ಭಿನ್ನರಾಶಿ, ಒಬ್ಬರಿಗೆ ಬೆಳಕಿನ ಪ್ರತಿಫಲನ, ಒಬ್ಬರಿಗೆ ಹೊಯ್ಸಳರನ್ನು ಹಂಚಿಕೊಟ್ಟು ಸಂಜೆಯವರೆಗೆ ಗಂಟಲು ಹರಿದುಕೊಂಡ ಆ ಮನುಷ್ಯ ಯಾರೆಂದು ನನಗೂ ಆಮೇಲೆ ಅನುಮಾನ ಬಂತು.

ಗುರುವಾರದ ವಿಷಯ ಬರೆಯುವಾಗ ನನಗೆ ಈಗಲೂ ಮೈ ಉರಿಯುತ್ತದೆ, ಕ್ಷಮಿಸಬೇಕು. ಅಂದು ಬೆಳಿಗ್ಗೆ ಎಂಟೂವರೆಗೇ ಶಾಲೆಗೆ ಬಂದು ಬೊಮ್ಮಿಯಿಂದ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದೆ. ಮೂರು ಮರಗಳಿಂದ ಹನ್ನೆರಡು ಕಿಲೋ ಜೇನು ಸಿಕ್ಕರೆ ಐದು ಮರಗಳಿಂದ ಎಷ್ಟು ಸಿಗುತ್ತದೆ ಎಂಬ ಲೆಕ್ಕ. ಅವಳು ಪೆನ್ನನ್ನು ಕೆಳಗಿಟ್ಟು, “ಅಂಗೆಲ್ಲ ಸಿಕ್ಕಕಿಲ್ಲ ಸಾ. ಒಂದ್ ಮರ್ದಲ್ಲಿ ಜಾಸ್ತಿ ಇರ್ತದೆ, ಒಂದ್ ಮರ್ದಲ್ಲಿ ಕರಡಿ ತಿಂದ್ಬುಟ್ಟಿರ್ತದೆ. ಎಲ್ಲಾನೂ ಕಿತ್ಕಬಾರ್ದು, ಜೇನ್ನೊಣಕ್ಕೂ ವಸಿ ಬುಡ್ಬೇಕು” ಎಂದು ನನಗೇ ಪಾಠ ಮಾಡಿದಳು. ಆಮೇಲೆ ನನ್ನ ಮೇಲೆ ಕನಿಕರಪಟ್ಟು, “ಆದ್ರೆ ಪ್ರಶ್ನೆ ಮಾಡ್ದೋರು ಕಾಡ್ ಕಂಡಿಲ್ಲ, ಪಾಪ. ಅವ್ರಿಗ್ ಬೇಕಾಗಿರದು ಇಪ್ಪತ್ತು. ಬರ್ದ್ ಬುಡ್ತೀನಿ ಬುಡಿ” ಎಂದು ಬರೆದೇಬಿಟ್ಟಳು. ಮಾನ್ಯರೇ, ಲೆಕ್ಕವೂ ಸರಿ, ಲೆಕ್ಕ ಯಾಕೆ ತಪ್ಪು ಎಂಬುದೂ ಸರಿ, ಕೇಳಿದವರಿಗೆ ಏನು ಬೇಕೆಂಬುದೂ ಸರಿ! ಒಬ್ಬ ಮೇಷ್ಟರಿಗೆ ಇದಕ್ಕಿಂತ ಇನ್ನೇನು ಬೇಕು? ಖುಷಿ ನನ್ನ ಎದೆಯಲ್ಲಿ ಹಿಡಿಸಲಿಲ್ಲ. ಅದೇ ಖುಷಿಯಲ್ಲಿ ಎರಡೆರಡು ಮೆಟ್ಟಿಲು ಹಾರಿ ತಮ್ಮ ಮುಂದೆ ಬಂದು ನಿಂತೆ. ತುಟಿ ಎಷ್ಟು ಬಿಗಿದಿತ್ತೆಂದರೆ ಉಸಿರಾಡಲು ಮೂಗೊಂದೇ ಉಳಿದಿತ್ತು. ತಾವು ಇಪ್ಪತ್ತೆರಡು ಕೊಟ್ಟು, ‘ತಮಗೆ ಆಪ್ತ ಸಮಾಲೋಚನೆಯ ಅಗತ್ಯವಿದೆ, ತಾವು ಒಂಟಿಯಲ್ಲ’ ಎಂದಿರಿ. ಈ ವರ್ಷದಲ್ಲಿ ನನಗೆ ಅತ್ಯಂತ ಸಂತೋಷವಾದ ದಿನ ಅದು.

ಶುಕ್ರವಾರದ ಹೊತ್ತಿಗೆ ಊರಿಗೆಲ್ಲ ವಿಷಯ ಗೊತ್ತಾಗಿ, ನನ್ನನ್ನು ನಗಿಸಲು ಮಕ್ಕಳು ಪಟ್ಟ ಪಾಡನ್ನು ನಾನು ಬರೆಯಲಾರೆ. ಆದರೆ ಕೆಲಸಕ್ಕೆ ಬಂದದ್ದು ಅದಾವುದೂ ಅಲ್ಲ. ಚನ್ನಾಜಮ್ಮನ ಜೊತೆಗಾತಿ ಅಂದು ಬಂದಿರಲಿಲ್ಲ, ಸಾಂಬಾರಿಗೆ ಈರುಳ್ಳಿ ಹೆಚ್ಚಲು ಕೈ ಸಾಲದೆ ನಾನೇ ಎರಡು ಕಿಲೋ ಹೆಚ್ಚಿದೆ. ಕಣ್ಣಲ್ಲಿ ನೀರು ಧಾರಾಕಾರ, ಕೆನ್ನೆಗಳೆರಡೂ ಮೇಲಕ್ಕೆ ಮುದುರಿ, ಉರಿ ತಾಳಲಾರದೆ ಹಲ್ಲು ಕಚ್ಚಿಕೊಂಡು, ಗಂಟೆ ಒಂಬತ್ತು ನಲವತ್ತಾಯಿತೆಂದು ಕುರುಡನಂತೆ ತಡಕಾಡುತ್ತಾ ಏಣಿ ಹತ್ತಿದೆ. ತಾವು ಸಂಗೀತ ನುಡಿಸಿದಿರಿ. ಪರದೆಯ ತುಂಬ ಹೂ ಸುರಿಸಿದಿರಿ. ತೊಂಬತ್ತೇಳು! ‘ತಮ್ಮ ಸಂತೋಷ ಇತರರಿಗೆ ಮಾದರಿ’ ಎಂದಿರಿ. ತಮ್ಮ ದೃಷ್ಟಿಯ ಸೂಕ್ಷ್ಮತೆಯನ್ನು ಹೊಗಳಲು ನನ್ನ ಬಳಿ ಪದಗಳಿಲ್ಲ, ಅಂದು ಕರವಸ್ತ್ರವೂ ಇರಲಿಲ್ಲ. ಎಂಟನೇ ತರಗತಿಯವರು ಕೂಡಲೇ ಸ್ಲೇಟು ಹಿಡಿದು ಐದೂ ದಿನದ್ದನ್ನು ಕೂಡಿ ಐದರಿಂದ ಭಾಗಿಸಿದರು. ಮೂವತ್ತೇಳು ಪಾಯಿಂಟ್ ಆರು. ತಾವು ದೊಡ್ಡ ಮನಸ್ಸು ಮಾಡಿ ಮೂವತ್ತೆಂಟು ಎಂದು ಹಿಡಿದಿರಿ.

ಶನಿವಾರ ಬೆಳಿಗ್ಗೆ ನಮ್ಮ ವಲಯದ ಶಾಲೆಗಳ ಮೇಲ್ವಿಚಾರಣೆ ನೋಡಿಕೊಳ್ಳುವ ಸಿ.ಆರ್.ಪಿ. ಶಿವಕುಮಾರಸ್ವಾಮಿಯವರಿಗೆ ಫೋನ್ ಮಾಡಿ, ಒಂದು ಭಾನುವಾರದ ಮಟ್ಟಿಗೆ ಬಿಡಿಸಿಕೊಡಿ ಎಂದು ಗೋಗರೆದೆ. ಒಳ್ಳೆಯ ಮನುಷ್ಯ, ಆದರೆ ಅವರ ಕೈಯಲ್ಲಿ ಏನಿದೆ? “ಯಂತ್ರ ಹಾಕಿದ್ ಹೆಸ್ರು ನಾನ್ ತೆಗಿಯಕಾಯ್ತದಾ ಸಾ? ಒಂದ್ ವಾರ ನಕ್ಕಂಡಿದ್ರೆ ನಿಮ್ ಗಂಟೇನ್ ಓಯ್ತಿತ್ತು?” ಎಂದರು. ಶಾಲೆ ಬಿಟ್ಟ ಮೇಲೆ ಪೋಡಿಗೆ ಹೋದೆ. ನನ್ನ ಬದಲು ಅನಸೂಯಮ್ಮನವರು ಬರುತ್ತಾರೆ, ನನಗಿಂತ ಜವಾಬ್ದಾರಿಯವರು, ಎಂದು ಪುಟ್ಟಮಾದನಿಗೆ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಆಯ್ತು ಬುಡಿ ಮೇಷ್ಟ್ರೇ, ನಿಮ್ಗೂ ಮ್ಯಾಲ್ನೋರಿರ್ತಾರೆ” ಎಂದಷ್ಟೇ ಹೇಳಿ, ಬೆಂಕಿ ಬಡಿಯುವ ಸೊಪ್ಪಿನ ಕಟ್ಟನ್ನು ಎತ್ತಿಕೊಂಡು ಕೆಲಸಕ್ಕೆ ಹೊರಟ. ಬೊಮ್ಮಿ ಗುಡಿಸಲೊಳಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ತನ್ನ ಹಾಲ್ ಟಿಕೆಟನ್ನು ತಂದು ನನ್ನ ಕೈಗಿಟ್ಟಳು. “ಬ್ಯಾರೆ ಯಾರ್ಗಾರ ಆಯ್ತದಾ ಸಾ ಇದು?” ಎಂದು ಕೇಳಿದಳು.

ಮಾನ್ಯರೇ, ನನಗೆ ನಾಚಿಕೆಯಾಯಿತು. ಯಾರೂ ಇಲ್ಲದಿದ್ದರೆ ಅಲ್ಲೇ ಕುಳಿತು ಅತ್ತುಬಿಡುತ್ತಿದ್ದೆನೇನೋ. ಇಪ್ಪತ್ತನಾಲ್ಕು ವರ್ಷದಿಂದ ಪ್ರತಿ ಸೋಮವಾರ ಮತ್ತೆ ಎದ್ದು, ಮತ್ತೆ ಅದೇ ಬಸ್ಸು ಹತ್ತಿ ಬರುತ್ತಿದ್ದೇನೆ. ಬಂದವನು ಅದೇ ಭಿನ್ನರಾಶಿಯನ್ನು ಈ ಸಲವಾದರೂ ಅರ್ಥವಾದೀತೆಂದು ಮತ್ತೆ ಮೊದಲಿನಿಂದ ಹೇಳಿಕೊಡುತ್ತಿದ್ದೇನೆ. ನನ್ನಲ್ಲಿ ಭರವಸೆ ಕಡಿಮೆಯಾಗಿದೆಯೆಂದು ಒಂದು ಗಾಜಿನ ತುಂಡು ಹೇಳಿದ್ದನ್ನು ನಂಬಿಕೊಂಡು, ಭರವಸೆ ಕಲಿಯಲೆಂದು ಈ ಹುಡುಗಿಯನ್ನು ಕೈಬಿಟ್ಟು ಹೋಗಬೇಕೆ? ಥೂ ನನ್ನ ಬಾಳಿಗೆ ಎನಿಸಿತು. ಹಾಲ್ ಟಿಕೆಟನ್ನು ಅವಳ ಕೈಗೇ ತಿರುಗಿ ಕೊಟ್ಟು, “ಬೆಳಿಗ್ಗೆ ಆರೂವರೆಗೆ ರೆಡಿಯಾಗಿರು, ಎರಡು ಪೆನ್ನು ಇಟ್ಕೊ, ನಿಮ್ಮಪ್ಪನಿಗೂ ಹೇಳು” ಎಂದು ಹೇಳಿ ಬಂದೆ. ತಾವು ಕೇಳಿದ ಕಾರಣ ಇಷ್ಟೇ.

ಭಾನುವಾರ ಸ್ಕೂಟರಿನಲ್ಲಿ ಕೌದಳ್ಳಿ, ಬಸ್ಸಿನಲ್ಲಿ ಕೊಳ್ಳೇಗಾಲ. ಒಂಬತ್ತು ಗಂಟೆಗೆ ಬಸ್ಸಿನಲ್ಲಿದ್ದಾಗಲೇ ‘ತಾವು ಶಿಬಿರಕ್ಕೆ ಗೈರು’ ಎಂದು ನನ್ನ ಫೋನಿಗೆ ತಮ್ಮ ಸಂದೇಶ ಬಂತು. ಹತ್ತಕ್ಕೆ ಒಮ್ಮೆ, ಹನ್ನೊಂದಕ್ಕೆ ಒಮ್ಮೆ ಬಂತು. ತಮ್ಮ ಕಾಳಜಿಗೆ ಋಣಿ. ಪರೀಕ್ಷೆ ನಡೆಯುವಷ್ಟು ಹೊತ್ತೂ ಎದುರಿನ ಬೇವಿನ ಮರದಡಿ ಕುಳಿತಿದ್ದೆ. ಬೊಮ್ಮಿ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಹೊರಗೆ ಬಂದು, “ಮುಗುದೋಯ್ತು ಸಾ, ಮಿಕ್ಕೋರು ಅದೇನ್ ಅಷ್ಟೊತ್ತು ಬರೀತಾರೆ?” ಎಂದು ಕೇಳಿದಳು. ಫಲಿತಾಂಶ ಬರಲು ಇನ್ನೂ ಒಂದು ತಿಂಗಳಿದೆ. ಏನಾಗುತ್ತದೋ ನನಗೆ ಗೊತ್ತಿಲ್ಲ, ಗೊತ್ತಿರುವಂತೆ ನಟಿಸಿ ತಮ್ಮಿಂದ ಅಂಕ ಪಡೆಯುವ ಆಸೆಯೂ ಇಲ್ಲ.

ಸಂಜೆ ಐದೂವರೆಗೆ ನಾವು ವಾಪಸಾದಾಗ ಪುಟ್ಟಮಾದ ಮೈಯೆಲ್ಲ ಬೂದಿ ಮಾಡಿಕೊಂಡು ಶಾಲೆಯ ಗೇಟಿನ ಮುಂದೆ ನಿಂತಿದ್ದ. ಪರೀಕ್ಷೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಇಳಿಯುತ್ತಿದ್ದ ಸೂರ್ಯನನ್ನು ನೋಡಿ, ಮಗಳನ್ನು ನೋಡಿ, “ಬೆಳಕಿದ್ದಂಗೇ ಬಂದ್ಬುಟ್ರಿ ಸಾ” ಎಂದ. ಅಷ್ಟು ಹೇಳಿ ಕಣ್ಣೊರೆಸಿಕೊಂಡ, ಬೂದಿ ಬಿದ್ದಿರಬೇಕು. ನಾನು ದೊಡ್ಡಸ್ತಿಕೆಯಿಂದ, ಮುಂದೆಯೂ ಎಲ್ಲಿಗೆ ಹೋಗಬೇಕಾದರೂ ನಾನೇ ಕರೆದುಕೊಂಡು ಹೋಗುತ್ತೇನೆ, ಯೋಚನೆ ಮಾಡಬೇಡ ಎಂದೆ. ಬೊಮ್ಮಿ ಸ್ಕೂಟರಿನಿಂದ ಇಳಿದು ಲಂಗ ಕೊಡವಿಕೊಳ್ಳುತ್ತಾ, “ಬ್ಯಾಡಿ ಸಾ, ನಿಮ್ಗ್ಯಾಕ್ ತೊಂದ್ರೆ. ದಾರಿ ನೋಡ್ಕಂಡಿವ್ನಿ. ಮುಂದುಲ್ ಸಲ ನಾನೇ ಓಯ್ತೀನಿ” ಎಂದುಬಿಟ್ಟಳು. ನಾನೂ ಪುಟ್ಟಮಾದನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆದ ಕಾರಣ ತಮ್ಮಲ್ಲಿ ನನ್ನ ಕೆಲವು ನಮ್ರ ಬೇಡಿಕೆಗಳಿವೆ. ತಾವೇ ಒಂದು ವಾರ ಏಣಿಯಿಂದ ಇಳಿದು ಬಂದು ಮೂರೂ ತರಗತಿಗಳನ್ನು ನಡೆಸಿಕೊಡಬೇಕು. ಬುಧವಾರದವರೆಗೆ ತಮ್ಮ ಬ್ಯಾಟರಿ ಉಳಿದರೆ ಊರಿನವರಿಂದ ಮೆರವಣಿಗೆ ಮಾಡಿಸುವ ಭಾರ ನನ್ನದು. ಸೋಮವಾರದ ಮೊಟ್ಟೆಯ ವಿಷಯದಲ್ಲಿ ಮಾದಪ್ಪನಿಗೂ ತಮ್ಮ ವೇಳಾಪಟ್ಟಿಗೂ ಒಂದು ಸಂಧಾನ ಏರ್ಪಡಿಸಬೇಕು, ಸ್ಥಳ ಬೆಟ್ಟದ ಮೇಲಾದರೆ ಉತ್ತಮ, ಅಲ್ಲಿ ನೆಟ್‌ವರ್ಕ್ ಚೆನ್ನಾಗಿದೆ. ದಾರಿಯಲ್ಲಿ ಅಡ್ಡ ನಿಲ್ಲುವ ಒಂಟಿಸಲಗಕ್ಕೂ ಒಂದು ಹರ್ಷಾಂಕ ಕೊಟ್ಟು, ಅದು ಯಾವ ಅಂಕದಲ್ಲಿದ್ದಾಗ ಸ್ಕೂಟರ್ ದಾಟಿಸಬಹುದೆಂದು ಮುಂಚಿತವಾಗಿ ತಿಳಿಸಬೇಕು. ಅನಸೂಯಮ್ಮನವರ ವಸಡಿಗೆ ಒಂದು ಒಳ್ಳೆಯ ಮುಲಾಮನ್ನು ಮಂಜೂರು ಮಾಡಬೇಕು, ಅವರ ಅಂಕ ಇಳಿದರೂ ಚಿಂತೆಯಿಲ್ಲ. ನನ್ನನ್ನು ಬೇರೆ ಕಡೆಗೆ ನಿಯೋಜಿಸುವುದೇ ತಮ್ಮ ಅಂತಿಮ ತೀರ್ಮಾನವಾದರೆ ತಲೆಬಾಗಿ ಹೋಗುತ್ತೇನೆ, ಆದರೆ ಆ ಆದೇಶವನ್ನು ಬೊಮ್ಮಿಯ ಫಲಿತಾಂಶ ಬಂದ ಮರುದಿನ ಕ‌ಳುಹಿಸಬೇಕು. ಅದನ್ನು ನಾನು ಇದೇ ಶಾಲೆಯ ಅಂಗಳದಲ್ಲಿ ನಿಂತು ಓದಬೇಕು. ಇದೊಂದನ್ನು ಮಾತ್ರ ನಾನು ತಮಾಷೆಗೆ ಕೇಳುತ್ತಿಲ್ಲ.

ಇಷ್ಟಾದರೂ ನಾಳೆ ಒಂಬತ್ತು ನಲವತ್ತಕ್ಕೆ ಆರನೇ ಮೆಟ್ಟಿಲ ಮೇಲೆ ಹಾಜರಾಗಲಿರುವ,

ತಮ್ಮ ವಿಶ್ವಾಸಿ,
ಶಾಂತಮೂರ್ತಿ
ಸಹ ಶಿಕ್ಷಕ, ಕಲ್ಲಕಟ್ಟೆದೊಡ್ಡಿ

ಮರೆತ ಮಾತು: ಇದನ್ನು ಮಡಚುವಷ್ಟರಲ್ಲಿ ಶಿವಕುಮಾರಸ್ವಾಮಿಯವರ ಫೋನ್ ಬಂತು. ಭಾನುವಾರ ಯಳಂದೂರಿಗೆ ಬರಬೇಕಾಗಿದ್ದ ತರಬೇತುದಾರರು ಬರಲೇ ಇಲ್ಲವಂತೆ. ಅಂಕ ಬಾರದ ನಲವತ್ತು ಮಂದಿ ಮೇಷ್ಟರು, ಮೇಡಂಗಳು ಮಧ್ಯಾಹ್ನದವರೆಗೆ ಕಾದು, ಬುತ್ತಿಗಳನ್ನು ಬಿಚ್ಚಿ ಹಂಚಿಕೊಂಡು, ತಮ್ಮ ತಮ್ಮ ಶಾಲೆಯ ಕಥೆಗಳನ್ನು ಹೇಳಿಕೊಳ್ಳುತ್ತಾ ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ. ಹೊನ್ನೂರಿನ ಕಡೆಯ ಮೇಡಂ ಒಬ್ಬರಿಗೆ ನಕ್ಕೂ ನಕ್ಕೂ ಬಿಕ್ಕಳಿಕೆಯೇ ಹತ್ತಿತಂತೆ. ಸಂಜೆ ಬಾಗಿಲಲ್ಲಿ ತಮ್ಮ ಜೊತೆಗಾರ ಯಂತ್ರ ಎಲ್ಲರಿಗೂ ತೊಂಬತ್ತರ ಮೇಲೆ ಕೊಟ್ಟಿತಂತೆ, ಅದನ್ನು ತರಬೇತಿಯ ಅಭೂತಪೂರ್ವ ಯಶಸ್ಸೆಂದು ಕಂಪನಿಯವರು ಬಣ್ಣದಲ್ಲಿ ಅಚ್ಚು ಹಾಕಿಸಿ ಶಾಲೆಗಳಿಗೆಲ್ಲ ಹಂಚುತ್ತಿದ್ದಾರಂತೆ. ಗೈರಾದವರಿಗಾಗಿ ಮುಂದಿನ ತಿಂಗಳು ಇನ್ನೊಂದು ಶಿಬಿರವಿದೆಯೆಂದು ತಿಳಿಯಿತು. ಆಣೆ ಮಾಡಿ ಹೇಳುತ್ತೇನೆ, ತಪ್ಪದೆ ಬರುತ್ತೇನೆ. ದಯಮಾಡಿ ಆ ತರಬೇತುದಾರರನ್ನು ಮಾತ್ರ ಅಂದೂ ಕಳುಹಿಸಬೇಡಿ.